ನಾಲ್ಕಕ್ಕೂ ಚೈನು

ತೂಬಗೆರೆಯಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಡಿಸೆಂಬರಿನ ಬೆಳಗಿನ ಹೊತ್ತು ನಂದಿ ಬೆಟ್ಟದ ಕಡೆಯಿಂದ ಒಂದಿಷ್ಟು ಮಂಜು ಇಳಿದು ಬಂದು, ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರ ಮುಖ ಮರೆಸಿ, ಬಿಸಿಲು ಏರುತ್ತಲೇ ಬಂದ ದಾರಿ ಹಿಡಿಯುತ್ತದೆ. ಅಲ್ಲಿಗೆ ನಮ್ಮ ಚಳಿಗಾಲ ಮುಗಿಯಿತು. ಆದರೂ ಹಿಮದ ರಸ್ತೆಯಲ್ಲಿ ಗಾಡಿ ಜಾರಿದರೆ ಏನು ಮಾಡಬೇಕು ಎಂಬ ವಿಷಯದಲ್ಲಿ ಈ ಹೋಬಳಿಗೆಲ್ಲ ಒಬ್ಬನೇ ಪಂಡಿತ, ಅವನು ಕಾಂತರಾಜು. ಜಾರಿದ ಅನುಭವದಿಂದ ಬಂದ ಪಾಂಡಿತ್ಯವಲ್ಲ ಅದು. ಮೊಬೈಲಿನಲ್ಲಿ ವೀಡಿಯೊ ನೋಡಿ ಸಂಪಾದಿಸಿದ್ದು.

ಸೋಂಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಸೂಪರ್‌ವೈಸರ್ ಆಗಿದ್ದ ಈ ಪಂಡಿತ, ಆ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಜೀಪು ಕೊಂಡ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥ ಜೀಪು. ಅಂಥ ಗಾಡಿ ಇಟ್ಟುಕೊಂಡು ತೂಬಗೆರೆಯಿಂದ ಸೋಂಪುರಕ್ಕೆ ಡ್ಯೂಟಿಗೆ ಹೋಗಿ ಬರುವುದು ಗಾಡಿಗೆ ಮಾಡುವ ಅವಮಾನವೆಂದು ಅವನಿಗೆ ಅನ್ನಿಸತೊಡಗಿತು. ಒಂದು ಬೆಳಿಗ್ಗೆ ಬೈಲಪ್ಪನ ಹೋಟೆಲಿನಲ್ಲಿ ನಾಲ್ಕು ಜನ ಕೇಳುವಂತೆ ಘೋಷಿಸಿಯೇಬಿಟ್ಟ.

"ಹೊಸ ವರ್ಷಕ್ಕೆ ಹಿಮಾಚಲ. ಜೀಪಲ್ಲೇ. ನಾನು, ನಮ್ಮ ಸಿದ್ದರಾಜು."

ಬೈಲಪ್ಪ ಕಾಫಿ ಸೋಸುವುದನ್ನು ನಿಲ್ಲಿಸಿದ. "ಗುರು, ಮೊನ್ನೆ ಘಾಟಿ ದಾರೀಲಿ ಒಂದು ಮಳೆ ಬಿದ್ದಿದ್ದಕ್ಕೇ ನಿನ್ ಜೀಪು ಚರಂಡಿಗೆ ಇಳಿದಿತ್ತಲ್ಲಪ್ಪಾ. ನಾವೇ ತಾನೆ ಎತ್ತಿದ್ದು?"

"ಅದು ಟೈರಿನ ತಪ್ಪು, ಗಾಡೀದಲ್ಲ," ಎಂದು ಕಾಂತರಾಜು ಗಂಭೀರವಾಗಿ ಹೇಳಿದ. ಹೇಳಿದ ಮೇಲೆ ಟೈರು ನೋಡಲೇಬೇಕಾಯಿತು.

ದೊಡ್ಡಬಳ್ಳಾಪುರದ ವೆಂಕಟರಮಣಪ್ಪ ಟೈರಿನ ಅಂಗಡಿ ಇಟ್ಟು ತಲೆ ನರೆಸಿಕೊಂಡವರು.

"ಮಂಜಿನ ಮೇಲೆ ಓಡೋ ಟೈರ್ ಬೇಕಿತ್ತಲ್ಲಣ್ಣ," ಎಂದ ಕಾಂತರಾಜು.

"ಮಂಜಿಗೆ ಟೈರ್ ಯಾಕಪ್ಪಾ? ಫಾಗ್ ಲೈಟ್ ಹಾಕ್ಸು. ಎದುರಂಗಡೀಲಿ ಸಿಗ್ತವೆ."

"ಆ ಮಂಜಲ್ಲಣ್ಣ. ಗಟ್ಟಿ ಮಂಜು. ಐಸು. ವಿಂಟರ್ ಟೈರು ಅಂತಾರೆ."

"ಚಳಿಗಾಲಕ್ಕೇ ಬೇರೆ ಟೈರಾ? ನಾನು ಮದುವೇಲಿ ಕೊಟ್ಟ ಸ್ವೆಟರಲ್ಲೇ ಇವತ್ತಿಗೂ ಕಾಲ ಹಾಕ್ತಿದ್ದೀನಿ. ನಿನ್ ಟೈರಿಗೆ ಏನಪ್ಪಾ ದೊಡ್ಡಸ್ತಿಕೆ?"

ಪಂಡಿತನಿಗೆ ಬೇಕಾದದ್ದು ಇಂಥ ಪ್ರಶ್ನೆಯೇ. ಚಳಿ ಹೆಚ್ಚಾದರೆ ಮಾಮೂಲಿ ಟೈರಿನ ರಬ್ಬರು ಹಳೆಯ ಕೋಡುಬಳೆಯಂತೆ ಗಟ್ಟಿಯಾಗುತ್ತದೆ, ನೆಲ ಹಿಡಿಯುವುದಿಲ್ಲ. ಚಳಿಗಾಲದ ಟೈರು ಎಷ್ಟು ಚಳಿಯಿದ್ದರೂ ಮೆತ್ತಗೇ ಇರುತ್ತದೆ, ಮೈತುಂಬ ಸಣ್ಣ ಸಣ್ಣ ಸೀಳು ಇರುತ್ತವೆ ಎಂದು ಅವನು ವಿವರಿಸಿದ. ವೆಂಕಟರಮಣಪ್ಪನವರು ಅರ್ಧ ನಂಬಿ ಬೆಂಗಳೂರಿನ ಡೀಲರ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಇದೆಯಂತೆ, ತರಿಸಿ ಕೊಡಬಹುದಂತೆ. ಅದರಲ್ಲೇ ಇನ್ನೊಂದು ಬಗೆಗೆ ಮೊಳೆಯನ್ನೂ ಹೊಡೆದಿರುತ್ತಾರಂತೆ, ಐಸನ್ನು ಕಚ್ಚಿ ಹಿಡಿಯಲು.

ವೆಂಕಟರಮಣಪ್ಪನವರು ಹಣೆ ಚಚ್ಚಿಕೊಂಡರು. "ಟೈರಿಂದ ಮೊಳೆ ಕಿತ್ತೇ ಮೂರು ಮಕ್ಕಳ ಮದುವೆ ಮಾಡ್ದೋನು ನಾನು. ಕೈಯಾರ ಮೊಳೆ ಹೊಡಿಸ್ಕೊಳ್ಳೋರೂ ಅವ್ರಾ ಪ್ರಪಂಚದಲ್ಲಿ!"

ಡೀಲರ್ ಆಮೇಲೆ ಹೇಳಿದ ಮಾತು ಕಾಂತರಾಜುವಿನ ಎದೆ ಒಡೆಯಿತು. ಆ ಮೆತ್ತನೆಯ ರಬ್ಬರು ನಮ್ಮ ಕಾದ ಟಾರು ರಸ್ತೆಗೆ ತಡೆಯುವುದಿಲ್ಲ. ಇಲ್ಲಿಂದಲೇ ಹಾಕಿಕೊಂಡು ಹೊರಟರೆ ನಾಗಪುರ ದಾಟುವುದರೊಳಗೆ ಅರ್ಧ ಸವೆದಿರುತ್ತದೆ, ಹಿಮ ಕಾಣುವ ಹೊತ್ತಿಗೆ ಟೈರು ಬೋಳು. ಅದರ ಬದಲು ಚಕ್ರಕ್ಕೆ ಸುತ್ತುವ ಕಬ್ಬಿಣದ ಚೈನು ಸಿಗುತ್ತದೆ. ಗಾಡಿಯಲ್ಲಿಟ್ಟುಕೊಂಡು ಹೋಗುವುದು, ಐಸು ಬಂದಾಗ ಸುತ್ತುವುದು, ಐಸು ಮುಗಿದಾಗ ಬಿಚ್ಚುವುದು. ಎರಡು ಚಕ್ರಕ್ಕೆ ಹಾಕಿದರೂ ನಡೆಯುತ್ತದೆ, ನಾಲ್ಕಕ್ಕೂ ಹಾಕಿದರೆ ಭಯವೇ ಇಲ್ಲ.

ಕಾಂತರಾಜು ಜೀಪಿಗೆ ಪ್ರದಕ್ಷಿಣೆ ಹಾಕಿ ಟೈರುಗಳನ್ನೆಲ್ಲ ಮುಟ್ಟಿ ನೋಡಿ, ತೀರ್ಮಾನಕ್ಕೆ ಬಂದು, ಗೆಳೆಯ ಸಿದ್ದರಾಜುವಿಗೆ ಕಳಿಸಲೆಂದು ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿದ:

"ಲೇ, ಕೇಳಿಸ್ಕೊ. ಡಿಸೈಡ್ ಮಾಡ್ಬಿಟ್ಟೆ. ನಾಲ್ಕಕ್ಕೂ ಚೈನ್ ಹಾಕಿಸ್ಬಿಡ್ತೀನಿ ಕಣೋ. ಎರಡಕ್ಕೆ ಹಾಕಿ ಎರಡನ್ನ ಬಿಟ್ರೆ ಸರಿಹೋಗಲ್ಲ. ಹಿಂದಿನವೆರಡು ಪಾಪ ಸವೆದೇಹೋಗವೆ. ಇಷ್ಟು ದಿನ ಭಾರ ಎಲ್ಲಾ ಅವುಗಳ ಮೇಲೇ ಬಿದ್ದದೆ, ನಾನೇ ತಿರುಗಿ ನೋಡ್ಲಿಲ್ಲ. ಮುಂದಿನವೆರಡು ಪರವಾಗಿಲ್ಲ, ಇನ್ನೂ ಗಟ್ಟಿಯಾಗವೆ. ಆದ್ರೂ ಭೇದ ಮಾಡೋದ್ ಬೇಡ. ನಾಲ್ಕೂ ಒಂದೇ ನನಗೆ."

ಹೆಬ್ಬೆರಳು ದಪ್ಪಗಿರುವುದು ಅಪರಾಧವಲ್ಲ. ಆದರೆ ಸಿದ್ದರಾಜುವಿನ ಹೆಸರಿನ ಕೆಳಗೇ 'ತವರುಮನೆ' ಎಂಬ ಗ್ರೂಪ್ ಇತ್ತು. ಮಾತು ಅಲ್ಲಿಗೆ ಹೋಯಿತು. ದಿನಾ ಬೆಳಿಗ್ಗೆ ಹೂವು, ದೀಪ, ಶುಭೋದಯ ಎಂದು ಬಂದು ಬೀಳುವ ಆ ಗ್ರೂಪನ್ನು ಕಾಂತರಾಜು ಎಂದೂ ತೆರೆದು ನೋಡುತ್ತಿರಲಿಲ್ಲ. ಸಿದ್ದರಾಜು ಎದುರಿಗೇ ಸಿಕ್ಕಾಗ ವಿಷಯ ಬಾಯಲ್ಲೇ ಹೇಳಿ ಮುಗಿಸಿದ, ಚೈನು ತರುವ ಕೆಲಸವನ್ನೂ ಅವನಿಗೇ ಒಪ್ಪಿಸಿದ.

ಇಲ್ಲಿ ಎರಡು ಸಂಗತಿ ಹೇಳಬೇಕು. ಒಂದು, ಕಾಂತರಾಜುವಿಗೆ ನಾಲ್ವರು ಒಡಹುಟ್ಟಿದ ಹೆಣ್ಣುಮಕ್ಕಳು. ಇಬ್ಬರು ಅಕ್ಕಂದಿರು ಅವನಿಗಿಂತ ಹಿಂದೆ ಹುಟ್ಟಿದವರು, ಇಬ್ಬರು ತಂಗಿಯರು ಮುಂದೆ ಹುಟ್ಟಿದವರು. ಎರಡು, ನಮ್ಮ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನು 'ಅದು', 'ಅವು' ಎನ್ನುವುದು ವಾಡಿಕೆ. 'ನಮ್ಮ ಹುಡುಗಿ ಬಂತಾ', 'ಎರಡೂ ಮದುವೆಯಾಗಿ ಹೋದವು' ಎನ್ನುತ್ತೇವೆ. ವ್ಯಾಕರಣದ ಮೇಷ್ಟರು ಇದನ್ನು ತಪ್ಪೆನ್ನುತ್ತಾರೆ. ಮೇಷ್ಟರ ಮನೆಯಲ್ಲೂ ಹೀಗೇ ಅನ್ನುತ್ತಾರೆ.

ಆದ್ದರಿಂದ ಘಾಟಿ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ನಾಲ್ಕು ಮನೆಗಳಲ್ಲಿ ಆ ಮಾತು ಹೇಗೆ ಕೇಳಿಸಿರಬೇಕೆಂದು ಓದುಗರೇ ಊಹಿಸಬಹುದು. ಹೊಸಕೋಟೆಯ ಅಕ್ಕ ಹೂವಿನ ವ್ಯಾಪಾರ ಬಿಟ್ಟು ಮೂರು ಸಲ ಕೇಳಿದಳು. ದೇವನಹಳ್ಳಿಯ ಕಿರಿ ತಂಗಿ ಪ್ರಮೋದಾ ಅದನ್ನು ಅತ್ತೆಯ ಕಿವಿಗೂ ಹಿಡಿದಳು. 'ಲೇ' ಎಂದು ಶುರುವಾದದ್ದು ಯಾರನ್ನೂ ಕಾಡಲಿಲ್ಲ. ನಮ್ಮ ಮುಂದೆ ಹೇಳಲು ನಾಚಿಕೆ, ಸ್ನೇಹಿತನ ಹತ್ತಿರ ಹೇಳಿಕೊಂಡಿದ್ದಾನೆ ಎಂದು ನಾಲ್ವರೂ ಮಾತಾಡಿಕೊಂಡರು. ಸಂಜೆಯೊಳಗೆ ಕಾಂತರಾಜು ಅಕ್ಕತಂಗಿಯರಿಗೆ ಚಿನ್ನದ ಚೈನು ಹಾಕಿಸುವ ಸುದ್ದಿ ನಾಲ್ಕು ತಾಲ್ಲೂಕಿಗೂ ಮುಟ್ಟಿತು.

ಮಾರನೇ ದಿನ ಕಾಂತರಾಜುವಿಗೆ ಫೋನು ಬಂತು. ಘಾಟಿಯ ದೊಡ್ಡಕ್ಕ ಗಂಗಲಕ್ಷ್ಮಮ್ಮ. ಅವನು ಕುಳಿತಲ್ಲಿಂದ ಎದ್ದು ನಿಂತ.

ಎದ್ದು ನಿಲ್ಲಲು ಕಾರಣವಿತ್ತು. ದೊಡ್ಡಕ್ಕ ಅವನೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹೊಸ ಮನೆಯ ಗೃಹಪ್ರವೇಶದ ದಿನ ಹಾಲು ಉಕ್ಕಿಸಬೇಕಾದವಳು ಅವಳು. ತನ್ನ ಹಸುವಿನ ಹಾಲನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಹೊರಟವಳ ಬಸ್ಸು ದಾರಿಯಲ್ಲಿ ಕೆಟ್ಟಿತು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿ, ಕಾಂತರಾಜುವಿನ ನಾದಿನಿಯ ಕೈಯಲ್ಲಿ ಪ್ಯಾಕೆಟ್ ಹಾಲು ಉಕ್ಕಿಸಿಬಿಟ್ಟರು. ದೊಡ್ಡಕ್ಕ ಹೊಸಿಲ ಹತ್ತಿರ ಬಂದು, ಒಲೆಯ ಮೇಲಿನ ಪಾತ್ರೆ ನೋಡಿ, ಕ್ಯಾನು ಅಲ್ಲೇ ಇಟ್ಟು ಹಿಂದಕ್ಕೆ ಹೋದಳು. ಅಮ್ಮ ಹಾಸಿಗೆ ಹಿಡಿದಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಕಾಂತರಾಜುವಿಗೆ ಆ ಸಂಕಟ ಮೂರು ವರ್ಷದಿಂದಲೂ ಇತ್ತು. ಕ್ಷಮೆ ಕೇಳಲು ಹೋಗಬೇಕು ಎಂದುಕೊಳ್ಳುವುದು, ಬಾಯಿ ಬರದೆ ಸುಮ್ಮನಾಗುವುದು, ಇದೇ ಆಗಿತ್ತು.

"ಚೈನು ನಿಜಾನೇನೋ ಕಾಂತ?" ಎಂದಳು ದೊಡ್ಡಕ್ಕ.

ಸಿದ್ದರಾಜುವಿನ ಬಾಯಿಂದ ಸುದ್ದಿ ಘಾಟಿಯವರೆಗೂ ಹೋಗಿದೆ ಎಂದುಕೊಂಡ ಕಾಂತರಾಜು. "ನಿಜ ಅಕ್ಕ. ನಾಲ್ಕಕ್ಕೂ ಹೇಳ್ಬಿಟ್ಟಿದ್ದೀನಿ."

"ಅಷ್ಟೊಂದು ಯಾಕೋ?"

"ಎರಡಕ್ಕೆ ಹಾಕಿದ್ರೆ ಉಳಿದೆರಡು ಸುಮ್ನಿರ್ತವಾ? ಒಂದೊಂದು ಒಂದೊಂದು ಕಡೆಗೆ ಎಳೀತವೆ."

"ಅದೂ ಸರಿಯೇ. ಹಿಂದಿನ ಎರಡನೇದು ಮೊದ್ಲಿಂದ್ಲೂ ಅಡ್ಡಡ್ಡವೇ."

ಹಿಂದಿನ ಎಡ ಚಕ್ರ ಅಡ್ಡ ಎಳೆಯುವುದು ಅಕ್ಕನಿಗೆ ಹೇಗೆ ಗೊತ್ತಾಯಿತೆಂದು ಕಾಂತರಾಜು ಬೆರಗಾದ.

"ಡಿಸೈನ್ ಯಾವ್ದೋ?"

"ಏಣಿ ಥರದ್ದು ಅಕ್ಕ. ವಜ್ರದ ಥರದ್ದೂ ಬರ್ತದಂತೆ. ಅದೇ ಒಳ್ಳೇದು ಅಂತಾರೆ."

"ಅಯ್ಯೋ ವಜ್ರ ಎಲ್ಲಾ ಬೇಡ ಕಣೋ! ನಮ್ಮಂಥೋರಿಗೆ ಏಣೀನೇ ಸಾಕು." ಅಕ್ಕ ಮೆಲ್ಲಗೆ ಕೇಳಿದಳು. "ತೂಕ?"

"ಒಂದೊಂದು ಮೂರು ಕೇಜಿ."

ದೊಡ್ಡಕ್ಕ ನಕ್ಕಳು. ಮೂರು ವರ್ಷದ ನಗುವನ್ನೆಲ್ಲ ಸೇರಿಸಿ ನಕ್ಕಳು. "ನಿನ್ ತಮಾಷೆ ಬುದ್ಧಿ ಹೋಗ್ಲಿಲ್ಲ ನೋಡು!"

"ದಿನಾ ಹಾಕ್ಕೊಂಡು ಓಡಾಡೋದಲ್ಲ ಅಕ್ಕ. ಬೇಕಾದಾಗ ಹಾಕಿ, ಆಮೇಲೆ ತೆಗೆದು ಒರೆಸಿ ಡಬ್ಬೀಲಿಡ್ಬೇಕು."

"ಅಷ್ಟೂ ಗೊತ್ತಿಲ್ವೇನೋ ನನಗೆ? ಭಾನುವಾರ ಬರ್ತೀವಿ. ನಾಲ್ಕೂ."

ಹಿಮಾಚಲಕ್ಕೆ ಹೊರಟವನನ್ನು ಬೀಳ್ಕೊಡಲು ನಾಲ್ವರೂ ಬರುತ್ತಿದ್ದಾರೆ! ಫೋನು ಇಟ್ಟ ಮೇಲೆ ಕಾಂತರಾಜು ಟವೆಲಿನಲ್ಲಿ ಮುಖ ಒರೆಸಿಕೊಂಡ. ಒಂದು ಪ್ರಯಾಣ ಹೊರಟರೆ ಎಷ್ಟು ಲಾಭ ಎಂದು ಸಂತೋಷದಿಂದ ಬೀಗಿದ.

ಮನೆಯೊಳಗಿನ ಹವಾಮಾನ ಮಾತ್ರ ಹಿಮಾಚಲದಂತೇ ಇತ್ತು. ಹೆಂಡತಿ ಚಂದನಳೂ ಆ ಗ್ರೂಪಿನಲ್ಲಿದ್ದವಳೇ. ಸಾರಿಗೆ ಉಪ್ಪಿಲ್ಲ, ಮಾತಿಗೆ ಉತ್ತರವಿಲ್ಲ. ಕೊನೆಗೆ ಅವಳೇ ತಡೆಯಲಾರದೆ, ತಟ್ಟೆಗೆ ಮುದ್ದೆ ಕುಕ್ಕಿ ಕೇಳಿದಳು.

"ನಾಲ್ಕಕ್ಕೂ ಚೈನ್ ಹಾಕ್ತೀರಲ್ಲ, ಮನೇಲಿ ಐದನೇದೊಂದು ಇದೆಯಲ್ಲ, ಅದಕ್ಕೆ?"

"ಐದನೇದಾ?" ಕಾಂತರಾಜು ನಕ್ಕೇಬಿಟ್ಟ. "ಅದು ಸ್ಟೆಪ್ನಿ ಕಣೇ! ಸ್ಟೆಪ್ನಿಗೆ ಯಾರಾದ್ರೂ ಚೈನ್ ಹಾಕ್ತಾರಾ?"

ಆ ಮೇಲೆ ಅವನಿಗೆ ಮುದ್ದೆಯೂ ಸಿಗಲಿಲ್ಲ.

ಶನಿವಾರ ಬೀಟ್ ಪೊಲೀಸ್ ದೇವೇಂದ್ರ ಬೈಕು ನಿಲ್ಲಿಸಿ ಒಳಗೆ ಬಂದರು. ಕಾಂತರಾಜು ಓಡಿಹೋಗಿ ಕುರ್ಚಿ ಹಾಕಿದ.

"ಚೈನ್ ಹಾಕಿಸ್ತಿದ್ದೀರಂತೆ. ಒಂದಲ್ಲ, ನಾಲ್ಕು."

"ಕಾನೂನಲ್ಲಿ ತಪ್ಪಾ ಸಾರ್?"

"ತಪ್ಪೇನಿಲ್ಲ. ಹಾಕ್ಕೊಂಡು ರೋಡ್ ಮೇಲೆ ಓಡಾಡ್ಬಾರ್ದು ಅಷ್ಟೇ. ಕಾಲ ಸರಿಯಿಲ್ಲ."

"ಇಲ್ಲ ಸಾರ್! ಟಾರ್ ರೋಡ್ ಮೇಲೆ ಹಾಕೋದೇ ಇಲ್ಲ. ಬರೀ ಐಸ್ ಮೇಲೆ."

"ಐಸ್ ಮೇಲೆ?"

"ಹೌದು ಸಾರ್. ಅದೂ ಗಟ್ಟಿ ಐಸಾದ್ರೆ ಮಾತ್ರ. ಕರಗೋಕೆ ಶುರುವಾದ್ರೆ ಬಿಚ್ಚಿಟ್ಬಿಡ್ಬೇಕು."

ದೇವೇಂದ್ರ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಳ್ಳರ ಕಾಟಕ್ಕೆ ಒಡವೆಯನ್ನು ಫ್ರಿಜ್ಜಿನಲ್ಲಿಡುವವರ ಕಥೆ ಅವರು ಕೇಳಿದ್ದುಂಟು. "ಯಾವುದಕ್ಕೂ ಬಾಗಿಲಿಗೊಂದು ಕ್ಯಾಮೆರಾ ಹಾಕಿಸ್ಕೊಳ್ಳಿ," ಎಂದು ಕಾಫಿ ಮುಗಿಸಿ ಹೊರಟರು. ಚೈನು ಕಾಯಲು ಪೊಲೀಸರೇ ಬಂದು ಹೋದರೆಂಬುದು ಬೀದಿಗೆಲ್ಲ ಗೊತ್ತಾಗಿ, ಸುದ್ದಿ ಇನ್ನಷ್ಟು ಗಟ್ಟಿಯಾಯಿತು.

ಭಾನುವಾರ ಬಂತು. ನಾಲ್ವರೂ ರೇಷ್ಮೆ ಸೀರೆ ಉಟ್ಟು ಬಂದಿಳಿದರು. ವಿಶೇಷವೇನೆಂದರೆ ತಾಳಿಯೊಂದು ಬಿಟ್ಟರೆ ನಾಲ್ವರ ಕತ್ತೂ ಬರಿದು. ಹೊಸ ಚೈನಿಗೆ ಜಾಗ ಬಿಟ್ಟುಕೊಂಡು ಬಂದಿದ್ದರು. ದೊಡ್ಡಕ್ಕ ಬಲಗಾಲಿಟ್ಟು ಹೊಸಿಲು ದಾಟಿದಳು. ಕಿವಿ ಮಂದವಾದ ಅಮ್ಮ ಮುನಿತಾಯಮ್ಮ, ಮಗಳ ಕೆನ್ನೆ ಸವರಿ ಸವರಿ ಅತ್ತಳು. ಬೀದಿಯವರು ಏನೂ ಕೆಲಸವಿಲ್ಲದಿದ್ದರೂ ಗೇಟಿನ ಮುಂದೆ ಹಾದು ಹೋದರು, ಮತ್ತೆ ಹಾದು ಬಂದರು.

ಕಾಂತರಾಜು ನೀರು ತರಲು ಒಳಗೆ ಹೋದಾಗ ಚಂದನ ಹಿತಿಕಿದ ಬೇಳೆ ಸಾರು ತಿರುವುತ್ತ ಕೇಳಿದಳು. "ಅಂಗಡಿಯೋನು ಇಲ್ಲಿಗೇ ತರ್ತಾನಾ, ನೀವು ಕರ್ಕೊಂಡು ಹೋಗ್ತೀರಾ?"

"ಯಾವ ಅಂಗಡಿ?"

"ಚಿನ್ನದಂಗಡಿ."

"ಯಾವ ಚಿನ್ನ?"

ಚಂದನ ಸೌಟು ಬಿಟ್ಟು, ಮೊಬೈಲು ತೆಗೆದು, ಗ್ರೂಪಿನಲ್ಲಿದ್ದ ಮಾತನ್ನು ಅವನಿಗೇ ಕೇಳಿಸಿದಳು. 'ನಾಲ್ಕಕ್ಕೂ ಚೈನ್ ಹಾಕಿಸ್ಬಿಡ್ತೀನಿ... ಹಿಂದಿನವೆರಡು ಪಾಪ ಸವೆದೇಹೋಗವೆ... ನಾನೇ ತಿರುಗಿ ನೋಡ್ಲಿಲ್ಲ...'

ಕಾಂತರಾಜು ಅಕ್ಕಿ ಮೂಟೆಯ ಮೇಲೆ ಕುಸಿದ. ನಿಜ ಹೇಳಿದರೆ ದೊಡ್ಡಕ್ಕ ಈಗ ದಾಟಿದ ಹೊಸಿಲನ್ನು ತಿರುಗಿ ದಾಟುತ್ತಾಳೆ, ಇನ್ನು ಈ ಜನ್ಮದಲ್ಲಿ ಬರುವುದಿಲ್ಲ. ಹೇಳದಿದ್ದರೆ ನಾಲ್ಕು ಚಿನ್ನದ ಚೈನು ಎಲ್ಲಿಂದ ತರುವುದು? ಸದ್ಯಕ್ಕೆ ಸಿದ್ದರಾಜು ಬರದಂತೆ ತಡೆದರೆ ಯೋಚಿಸಲು ಹೊತ್ತಾದರೂ ಸಿಗುತ್ತದೆಂದು ಫೋನು ಹಚ್ಚಿದ. ಸಿದ್ದರಾಜುವಿನ ಫೋನು ಹಜಾರದಲ್ಲೇ ಹೊಡೆದುಕೊಂಡಿತು.

"ಕಾಂತ, ಬಂದ್ಬಿಡ್ತು ನೋಡಲಾ! ನಾಲ್ಕಕ್ಕೂ!"

ಕಾಂತರಾಜು ಓಡಿ ಬರುವಷ್ಟರಲ್ಲಿ ಸಿದ್ದರಾಜು ಹೆಗಲ ಮೇಲಿನ ಗೋಣಿಚೀಲವನ್ನು ಟೈಲ್ಸಿನ ಮೇಲೆ ಸುರಿದಿದ್ದ. ಝಣಝಣ ಎಂದು ಕಬ್ಬಿಣದ ರಾಶಿ ಬಿತ್ತು. "ಗುಡುಗಾ?" ಎಂದಳು ಅಮ್ಮ.

"ಇದೇನಣ್ಣ?" ಎಂದಳು ಪ್ರಮೋದಾ.

"ಚೈನು."

"ಯಾರಿಗೆ?"

"ಟೈರಿಗೆ," ಎಂದ ಕಾಂತರಾಜು. ಕೊನೆಯ ಅಕ್ಷರ ಅವನಿಗೇ ಕೇಳಿಸಲಿಲ್ಲ.

ಹೊಸಕೋಟೆಯ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಡೀರೇ ಹೋಗಾಣ." ನೆಲಮಂಗಲದ ತಂಗಿ ಬರಿದಾದ ಕತ್ತಿಗೆ ಸೆರಗು ಹೊದ್ದುಕೊಂಡಳು. ದೊಡ್ಡಕ್ಕ ಮಾತ್ರ ಬಗ್ಗಿ ಒಂದು ಚೈನನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿದಳು.

"ಮೂರು ಕೇಜಿ ಅಂದಿದ್ದ. ಸುಳ್ಳು ಹೇಳಿಲ್ಲ." ಯಾರೂ ನಗಲಿಲ್ಲ. ಅವಳು ತಮ್ಮನ ಮುಖ ನೋಡಿದಳು. "ಹಿಂದಿನವೆರಡು ಪಾಪ ಸವೆದೋಗವೆ, ನಾನೇ ನೋಡ್ಲಿಲ್ಲ ಅಂದ್ಯಲ್ಲ. ಅದೂ ಟೈರಿಗೇನೇನೋ?"

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಕಾಂತರಾಜುವಿಗೆ ಅಷ್ಟು ಚಾಲಾಕಿತನವೂ ಇರಲಿಲ್ಲ.

"ಟೈರಿಗೇ ಅಕ್ಕ," ಎಂದ. "ಆದ್ರೆ ಈಗ ಒಳಗೆ ಕೂತು ಕೇಳ್ದೆ. ಟೈರಿಗೆ ಅಂದಂಗೇ ಇಲ್ಲ. ನಿನಗೆ ಅಂದಂಗೇ ಅದೆ. ಆವತ್ತು ಹಾಲು ಹಿಡ್ಕೊಂಡು ಬಂದೋಳನ್ನ ಬಾಗಿಲಲ್ಲಿ ಬಿಟ್ಟೆ ಅಕ್ಕ. ಓಡಿಬಂದು ಕೈ ಹಿಡ್ಕೊಬೇಕಿತ್ತು. ಟೈರಿಗೆ ಹೇಳೋಕೆ ಬಾಯಿ ಬಂತು, ನಿನಗೆ ಹೇಳೋಕೆ ಬರ್ಲಿಲ್ಲ."

ಅಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿ, "ಯಾರಂತೆ ಸವೆದೋಗಿರೋದು?" ಎಂದಳು.

ಪ್ರಮೋದಾ ಅವಳ ಕಿವಿಗೆ ಬಾಯಿಟ್ಟು ಕೂಗಿದಳು. "ದೊಡ್ಡಕ್ಕ!"

ಅಮ್ಮ ಹಿರಿ ಮಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಎಲ್ಲೇ? ಮುಂಚೆಗಿಂತ ದಪ್ಪ ಆಗವಳೆ!"

ಮೊದಲು ನಕ್ಕದ್ದು ಹೊಸಕೋಟೆಯ ಅಕ್ಕ. ಎದ್ದವಳು ಸಿಕ್ಕಿಸಿದ ಸೆರಗು ಬಿಚ್ಚಿ ನಗುತ್ತ ಕುಳಿತಳು. ದೊಡ್ಡಕ್ಕ ಕಣ್ಣೊರೆಸಿಕೊಂಡು ನಕ್ಕು, ತಮ್ಮನ ತಲೆಗೊಂದು ಮೊಟಕಿದಳು. ಚಂದನ ಎಲೆ ಹಾಕಿದಳು. ಆವತ್ತಿನ ಸಾರಿಗೆ ಉಪ್ಪು ಹದವಾಗಿತ್ತು.

ಹೊರಡುವ ಹೊತ್ತಿಗೆ ದೊಡ್ಡಕ್ಕ ಒಂದು ಚೈನನ್ನು ಮಡಚಿ ತನ್ನ ಚೀಲಕ್ಕೆ ತುಂಬಿಕೊಂಡಳು.

"ಅಕ್ಕ, ಅದು ಗಾಡಿಗೆ..."

"ನಾಲ್ಕು ತಾಲ್ಲೂಕಿಗೂ ಗೊತ್ತಾಗ್ಬಿಟ್ಟದೆ ನಮ್ಮ ತಮ್ಮ ಚೈನ್ ಕೊಡ್ತಾನೆ ಅಂತ. ಬರಿಗೈಲಿ ಹೋದ್ರೆ ತವರಿನ ಮರ್ಯಾದೆ ಏನಾಗ್ಬೇಕು? ಏಯ್, ನೀವೂ ಒಂದೊಂದು ತಗೊಳ್ರೇ."

ಉಳಿದ ಮೂವರೂ ಒಂದೊಂದು ತೆಗೆದುಕೊಂಡರು. ಚಂದನ ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು. ಸಿದ್ದರಾಜು ಖಾಲಿ ಗೋಣಿಚೀಲ ಹಿಡಿದು ನಿಂತಿದ್ದ. "ಲೇ, ನಮ್ಮ ಹಿಮಾಚಲ?"

"ನಾಕು ದಿನ ಬಿಟ್ಟು ಇಸ್ಕೊಂಡು ಬರ್ತೀನಿ ಇರೋ," ಎಂದ ಕಾಂತರಾಜು ಮೆಲ್ಲಗೆ.

ನಾಲ್ಕು ದಿನ ಬಿಟ್ಟು ಫೋನು ಮಾಡಿದಾಗ, ಹೊಸಕೋಟೆಯ ಚೈನು ಹೂತೋಟದ ಗೇಟಿಗೆ ಬಿದ್ದಿತ್ತು. ದೇವನಹಳ್ಳಿಯದರ ಮೇಲೆ ಪ್ರಮೋದಾ ಹಾಗಲಬಳ್ಳಿ ಹಬ್ಬಿಸಿದ್ದಳು. ಏಣಿ ಏಣಿಯಾಗಿರುವುದರಿಂದ ಬಳ್ಳಿಗೆ ಹೇಳಿ ಮಾಡಿಸಿದಂತಿದೆ ಎಂದಳು. ನೆಲಮಂಗಲದವಳು ಅದನ್ನು ಅತ್ತೆಗೆ ತೋರಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಒಂದಾದರೂ ಸಿಗಲಿ ಎಂದು ಕಾಂತರಾಜು ಜೀಪು ತೆಗೆದುಕೊಂಡು ಘಾಟಿಗೆ ಹೋದ.

ದೊಡ್ಡಕ್ಕನ ಕೊಟ್ಟಿಗೆಯ ಮುಂದೆ ಅವಳ ಸೀಮೆಹಸು ಆ ಚೈನಿನಲ್ಲಿ ನಿಂತಿತ್ತು. ಮದುವಣಗಿತ್ತಿಯಂತೆ ಕತ್ತಿನ ತುಂಬ ಕಬ್ಬಿಣ. ಪಕ್ಕದ ಮನೆಯ ಅಮ್ಮಯಮ್ಮ ಅದನ್ನು ಮುಟ್ಟಿ ನೋಡುತ್ತಿದ್ದಳು.

"ಇದೇನು ಗಂಗಲಕ್ಷ್ಮಮ್ಮ, ದನಕ್ಕೆ ಇಂಥಾ ಚೈನು?"

"ನಮ್ಮ ತವರಿಂದ ಬಂದಿದ್ದು. ಮೆತ್ತಗೆ ಮುಟ್ಟು," ಎಂದು ದೊಡ್ಡಕ್ಕ ಹೇಳಿ, ತಮ್ಮನನ್ನು ಕಂಡು ಮುಖ ಅರಳಿಸಿ, ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಓಡಿದಳು. ಅಮ್ಮಯಮ್ಮನೂ ಹೋದಳು.

ಅಂಗಳದಲ್ಲಿ ಕಾಂತರಾಜು ಮತ್ತು ಹಸು ಇಬ್ಬರೇ ಉಳಿದರು. ಅವನು ಅತ್ತ ಇತ್ತ ನೋಡಿ ಚೈನಿನ ಕೊಂಡಿಗೆ ಕೈ ಹಾಕಿದ.

"ಏನೋ ಮಾಡ್ತಿದ್ದೀಯಾ ಅಲ್ಲಿ?" ಒಳಗಿನಿಂದ ಅಕ್ಕನ ದನಿ ಬಂತು.

"ಏನಿಲ್ಲಕ್ಕ. ಗಟ್ಟಿಯಾಗಿ ಕಟ್ಟಿದ್ದೀಯಾ ಅಂತ ನೋಡ್ತಿದ್ದೆ."

"ಬಿಚ್ಚಕ್ಕೆ ಬರದಂಗೇ ಕಟ್ಟಿದ್ದೀನಿ. ಕೈಕಾಲು ತೊಳ್ಕೊಂಡು ಬಾ, ಎಲೆ ಹಾಕಿದ್ದೀನಿ."

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಸಿದ್ದರಾಜುವಿನ ಕರೆ. ಕಾಂತರಾಜು ಅದನ್ನು ಆರಿಸಿ, ನೀರಿನ ತೊಟ್ಟಿಯ ಕಡೆಗೆ ನಡೆದ.